ಬೆಂಗಳೂರಿನಲ್ಲಿ ಕೂತು ಆರ್ಮಿ ತಂಡದ ಸೀಸನ್ ನೋಡುವುದು ಹೇಗೆ

ಇದು ನಮ್ಮ ಅಶೋಕನಗರದ ಸ್ಟೇಡಿಯಂನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಅಮೆರಿಕನ್ ಫುಟ್‌ಬಾಲ್. ಆರ್ಮಿ ಅಂದರೆ ಅಮೆರಿಕದ ವೆಸ್ಟ್ ಪಾಯಿಂಟ್‌ನಲ್ಲಿರುವ ಸೇನಾ ಅಕಾಡೆಮಿಯ ಕಾಲೇಜು ತಂಡ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ಟೈಮ್ ಸರಿ ಮಾಡಿಕೊಳ್ಳಿ. ವೆಸ್ಟ್ ಪಾಯಿಂಟ್‌ನಲ್ಲಿ ಶನಿವಾರ ಮಧ್ಯಾಹ್ನ 12 ಅಂದರೆ ನಮಗೆ ರಾತ್ರಿ 9:30. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಅದೇ ಪಂದ್ಯ 10:30ಕ್ಕೆ.

ಆಟ ಶುರುವಾದ ಮೇಲೆ ಚೆಂಡಿನ ಹಿಂದೆ ಓಡಬೇಡಿ, ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಕೈ ನೋಡಿ. ಅವನು ಚೆಂಡನ್ನು ಪಕ್ಕದವನ ಹೊಟ್ಟೆಗೆ ಒತ್ತಿ ಹಿಡಿಯುತ್ತಾನೆ, ಕಣ್ಣು ಮಾತ್ರ ಎದುರಾಳಿಯ ಮೇಲೆ. ಎದುರಾಳಿ ಆ ಪಕ್ಕದವನನ್ನು ಬಿಟ್ಟರೆ ಚೆಂಡು ಅವನಿಗೇ; ಅವನ ಮೇಲೆ ಬಿದ್ದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ವಾಪಸ್ ಎಳೆದುಕೊಂಡು ತಾನೇ ಓಡುತ್ತಾನೆ, ಇಲ್ಲವೇ ಬದಿಯಲ್ಲಿ ಓಡಿ ಬರುವವನಿಗೆ ಎಸೆಯುತ್ತಾನೆ. ಇದೇ ಟ್ರಿಪಲ್ ಆಪ್ಷನ್. ದೈತ್ಯದೇಹಿಗಳಿಲ್ಲದ ತಂಡಕ್ಕೆ ಇಂಥ ಆಟ ತುಂಬಾ ಒಗ್ಗುತ್ತದೆ, ಅಲ್ವಾ? ನನಗಂತೂ ಇದೇ ಜಾಸ್ತಿ ಇಷ್ಟ.

2024ರ ಸೀಸನ್‌ನಿಂದ ಶುರು ಮಾಡಿ. ಅಮೆರಿಕನ್ ಕಾನ್ಫರೆನ್ಸ್ ಅನ್ನುವ ಕಾಲೇಜು ತಂಡಗಳ ಲೀಗ್‌ಗೆ ಸೇರಿದ ಮೊದಲ ವರ್ಷವೇ ಆರ್ಮಿ ಚಾಂಪಿಯನ್ ಆಯಿತು, ಒಟ್ಟು 12 ಗೆಲುವು. ಆದರೆ ನೇವಿ, ಅಂದರೆ ನೌಕಾ ಅಕಾಡೆಮಿಯ ತಂಡದ ಎದುರು 31-13ರಲ್ಲಿ ಸೋತಿತು.

ಆ ನೇವಿ ಪಂದ್ಯ 1890ರಿಂದ ಇದೆ, ಈಗ ಡಿಸೆಂಬರ್‌ನಲ್ಲಿ ಬರುತ್ತದೆ. ಸಾಮಾನ್ಯವಾಗಿ ನಮಗೆ ಭಾನುವಾರ ಬೆಳಗಿನ ಜಾವ 1:30ಕ್ಕೆ. ಸಂಜೆಯೇ ಸ್ವಲ್ಪ ಮಲಗಿ, ಫ್ಲಾಸ್ಕ್‌ಗೆ ಫಿಲ್ಟರ್ ಕಾಫಿ ತುಂಬಿಡಿ, ಚಳಿಗೆ ಸ್ವೆಟರ್ ಹಾಕಿಕೊಳ್ಳಿ. ಆಟ ಮುಗಿಯಿತು ಅಂತ ಟಿವಿ ಆರಿಸಬೇಡಿ. ಎರಡೂ ತಂಡ ಒಟ್ಟಿಗೆ ನಿಂತು ಮೊದಲು ಸೋತವರ ಕಾಲೇಜಿನ ಹಾಡು ಹಾಡುತ್ತವೆ, ಆಮೇಲೆ ಗೆದ್ದವರದ್ದು.