ಮೊದಲು ಆರಿಕ್ಕಾಡಿ ಕೋಟೆ, ಆಮೇಲೆ ಪೊಸಡಿ ಗುಂಪೆ

ಕಾಸರಗೋಡು ಜಿಲ್ಲೆಯ ಹುಲ್ಲುಗುಡ್ಡೆ ಪೊಸಡಿ ಗುಂಪೆಗೆ ಹೊರಟಾಗಲೆಲ್ಲ ನಾನು ಮೊದಲು ಆರಿಕ್ಕಾಡಿ ಕೋಟೆಗೆ ಹೋಗುತ್ತೇನೆ. ಕಾಸರಗೋಡಿನಿಂದ ಬರುವಾಗ ಕುಂಬಳೆ ದಾಟಿದ ಕೂಡಲೇ ಹೆದ್ದಾರಿಯ ಬದಿಯಲ್ಲೇ ಸಿಗುತ್ತದೆ. ಕೆಳದಿ ನಾಯಕರ ಕಾಲದ್ದು. ಮುರಕಲ್ಲಿನ ಗೋಡೆ ಅಲ್ಲಲ್ಲಿ ಕುಸಿದಿದೆ, ಮಳೆಗಾಲದಲ್ಲಂತೂ ಪೊದೆಗಳೇ ಹೆಚ್ಚು. ಬೇಕಲ ಕೋಟೆಗೆ ಸಿಕ್ಕ ಆರೈಕೆಯ ಕಾಲುಪಾಲಾದರೂ ಇದಕ್ಕೆ ಸಿಗಬೇಕಿತ್ತು ಎಂದು ಪ್ರತಿ ಸಲವೂ ಅನಿಸುತ್ತದೆ.

ಅಲ್ಲಿಂದ ಬಂದ್ಯೋಡು, ಪೆರ್ಮುದೆ, ಧರ್ಮತ್ತಡ್ಕ. ಗುಡ್ಡೆಯ ಎತ್ತರ ಸಾವಿರ ಅಡಿಗೆ ತುಸು ಮೇಲೆ, ಏರು ಕಷ್ಟದ್ದಲ್ಲ. ಆದರೆ ಹುಲ್ಲಿನಡಿ ಮುರಕಲ್ಲಿನ ಹರಳು ಇರುತ್ತದೆ, ಕಾಲಿಟ್ಟರೆ ಉರುಳುತ್ತದೆ. ಹಾಗಾಗಿ ನಾನು ನೆಟ್ಟಗೆ ಹತ್ತುವುದಿಲ್ಲ. ಓರೆಯಾಗಿ, ಹುಲ್ಲಿನ ಬುಡಗಳ ಮೇಲೆ ಪಾದ ಊರುತ್ತಾ ಹೋಗುತ್ತೇನೆ. ಇಳಿಯುವಾಗ ಇದು ಇನ್ನೂ ಮುಖ್ಯ. ರಬ್ಬರ್ ಚಪ್ಪಲಿ ಬೇಡವೇ ಬೇಡ.

ನನಗೆ ಇಷ್ಟದ ಕಾಲ ಸೆಪ್ಟೆಂಬರ್ ಕೊನೆ. ಮಳೆ ಬಿಡುವು ಕೊಟ್ಟಿರುತ್ತದೆ, ಹುಲ್ಲು ಇನ್ನೂ ಹಸಿರು. ಜನವರಿ ಕಳೆದರೆ ಅದೇ ಹುಲ್ಲು ಒಣಗಿ ನಿಂತಿರುತ್ತದೆ. ಆಗ ಬೀಡಿಯ ಒಂದು ಕಿಡಿ ಸಾಕು, ಇಡೀ ಇಳಿಜಾರು ಕರಕಲು. ಈ ಹುಲ್ಲುಗುಡ್ಡೆಗಳು ಕುಡಿದಿಟ್ಟ ಮಳೆನೀರೇ ನಮ್ಮ ಕಡೆಯ ತೋಟಗಳಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಡ್ಡ ಕೊರೆದ ಸುರಂಗಗಳಲ್ಲಿ ಜಿನುಗುವುದು. ಬೋಳುಗುಡ್ಡೆ ಎಂದು ಕರೆದು ಕಡೆಗಣಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನೆತ್ತಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಕಡಲು. ಆಕಾಶ ತಿಳಿಯಾಗಿದ್ದರೆ ವಾಯವ್ಯಕ್ಕೆ ಮಂಗಳೂರು, ಈಶಾನ್ಯಕ್ಕೆ ಕುದುರೆಮುಖದ ಸಾಲು. ಕೋಟೆ ನೋಡಿ ಬಂದವರಿಗೆ, ಅದನ್ನು ಹೊಳೆಬಾಯಲ್ಲೇ ಏಕೆ ಕಟ್ಟಿದರು ಎಂಬ ಲೆಕ್ಕ ಇಲ್ಲಿ ಹೊಂದುತ್ತದೆ. ಘಟ್ಟದ ಮೆಣಸು, ಗದ್ದೆಯ ಅಕ್ಕಿ ಎರಡೂ ಕಡಲಿಗಿಳಿಯಬೇಕಿದ್ದದ್ದು ಈ ಹೊಳೆಬಾಯಿಗಳಲ್ಲೇ. ಕುಂಬಳೆ ಹೊಳೆಗೆ ಆರಿಕ್ಕಾಡಿ, ಪಯಸ್ವಿನಿಗೆ ಚಂದ್ರಗಿರಿ ಕೋಟೆ, ಇನ್ನೂ ತೆಂಕಲಿಗೆ ಬೇಕಲ, ಹೊಸದುರ್ಗ. ಜೊತೆಗೆ ಬಂದಿದ್ದ ಅಳಿಯ ಒಮ್ಮೆ ಕೇಳಿದ: "ಮಾವಾ, ಕೋಟೆಯನ್ನು ಈ ಎತ್ತರದಲ್ಲೇ ಕಟ್ಟಬಹುದಿತ್ತಲ್ಲ?" "ಸುಂಕ ವಸೂಲಿ ಇಲ್ಲಿ ಕೂತು ಆಗ್ತದಾ ಮಾರಾಯ? ದೋಣಿ ಬರುವುದು ಕೆಳಗೆ" ಎಂದೆ.

ಅಕ್ಟೋಬರ್, ನವೆಂಬರ್‌ನಲ್ಲಿ ಹೋಗುವವರು ಬೆಳಿಗ್ಗೆಯೇ ಹತ್ತಿ. ಆಗ ಮಧ್ಯಾಹ್ನ ಮೂಡಲಲ್ಲಿ ಮೋಡ ಕಟ್ಟಿ ಸಿಡಿಲು ಬರುವುದೇ ಹೆಚ್ಚು. ಮರವಿಲ್ಲದ ನೆತ್ತಿಯಲ್ಲಿ ಎದ್ದುನಿಂತಿರುವುದು ಮನುಷ್ಯ ಮಾತ್ರ. ಗುಡುಗು ಕೇಳಿದ್ದೇ ಇಳಿಯಲು ಶುರುಮಾಡಿ, ಸೂರ್ಯಾಸ್ತಕ್ಕೆ ಕಾಯಬೇಡಿ.