ಕಾಸರಗೋಡಿನಿಂದ ಬಾಹ್ಯಾಕಾಶ ನಿಲ್ದಾಣದ ರೇಡಿಯೊ ಆಲಿಸುವ ಕ್ರಮ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೊ ರಿಪೀಟರನ್ನು (ನೆಲದಿಂದ ಬಂದ ಮಾತನ್ನು ಮರುಪ್ರಸಾರ ಮಾಡುವ ಸಾಧನ) ಆಲಿಸಲು 437.800 ಮೆಗಾಹರ್ಟ್ಸ್ ಹಿಡಿಯುವ ಎಫ್‌ಎಂ ರಿಸೀವರ್ ಮತ್ತು ಕೈಯಲ್ಲಿ ಹಿಡಿದು ತಿರುಗಿಸಬಲ್ಲ, ತಿರುಗಿಸಿದ ದಿಕ್ಕಿನ ಸಂಕೇತವನ್ನೇ ಹೆಚ್ಚಾಗಿ ಹಿಡಿಯುವ ಯಾಗಿ ಆಂಟೆನಾ ಸಾಕು. ಮಾತನಾಡಬೇಕಾದರೆ ಹವ್ಯಾಸಿ ಪರವಾನಗಿ ಬೇಕು. ಕಷ್ಟವಿರುವುದು ನಿಲ್ದಾಣ ಯಾವ ಕ್ಷಣದಲ್ಲಿ ಎಲ್ಲಿರುತ್ತದೆಂದು ತಿಳಿಯುವುದರಲ್ಲಿ.

ಮೊದಲು ಟಿಎಲ್‌ಇ ಎಂಬ ಎರಡು ಸಾಲಿನ ಕಕ್ಷಾ ವಿವರವನ್ನು ಹೊಸದಾಗಿ ಇಳಿಸಿಕೊಂಡು ಟ್ರ್ಯಾಕಿಂಗ್ ತಂತ್ರಾಂಶಕ್ಕೆ ಕೊಡಿ. ತಿಂಗಳ ಹಿಂದಿನದನ್ನು ನಂಬಬೇಡಿ. ಸುಮಾರು 420 ಕಿ.ಮೀ. ಎತ್ತರದಲ್ಲಿಯೂ ತೆಳುವಾದ ಗಾಳಿಯಿದ್ದು, ಅದರ ಎಳೆತದಿಂದ ನಿಲ್ದಾಣ ನಿಧಾನವಾಗಿ ಕೆಳಗಿಳಿಯುತ್ತದೆ; ಇಳಿದ ಕಕ್ಷೆಯಲ್ಲಿ ಸುತ್ತು ಬೇಗ ಮುಗಿಯುವುದರಿಂದ, ಎಳೆತದಿಂದ ಅದು ತಡವಾಗಿಯಲ್ಲ, ಮುಂಚಿತವಾಗಿಯೇ ಬರುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಮೇಲಿನ ವಾತಾವರಣ ಉಬ್ಬಿ ಎಳೆತವೂ ಹೆಚ್ಚುತ್ತದೆ. ನಡುನಡುವೆ ಎಂಜಿನ್ ಉರಿಸಿ ನಿಲ್ದಾಣವನ್ನು ಮೇಲೇರಿಸಿದರಂತೂ ಹಳೆಯ ಲೆಕ್ಕ ಪೂರ್ತಿ ಕೆಡುತ್ತದೆ. ಭೂಮಿಯ ನಡು ಉಬ್ಬಿರುವುದರಿಂದ ಕಕ್ಷೆಯ ಸಮತಲವೇ ದಿನಕ್ಕೆ ಸುಮಾರು 5 ಡಿಗ್ರಿ ಪಶ್ಚಿಮಕ್ಕೆ ತಿರುಗುತ್ತದೆ. ಹೀಗಾಗಿ ಹಾದುಹೋಗುವ ಹೊತ್ತು ಸರಾಸರಿ ದಿನಕ್ಕೆ 24 ನಿಮಿಷದಷ್ಟು ಮುಂಚಿತವಾಗುತ್ತ ಹೋಗುತ್ತದೆ. ಈ ವಾರದ ಸಂಜೆಯ ವೇಳೆಯನ್ನು ಮುಂದಿನ ತಿಂಗಳಿಗೆ ಬರೆದಿಟ್ಟುಕೊಳ್ಳುವುದು ವ್ಯರ್ಥ.

ಬದಿಯಡ್ಕ, ಪೆರ್ಲದ ಕಡೆಯವರು ತಗ್ಗಿನ ಅಡಿಕೆ ತೋಟ ಬಿಟ್ಟು ಮುರಕಲ್ಲಿನ ಎತ್ತರದ ಬಯಲಾದ ಪದವಿಗೆ ಹೋಗುವುದು ಲೇಸು. ಕರಾವಳಿಯವರಿಗೆ ಪಡುವಣ ಕಡಲಿನ ದಿಗಂತ ತೆರೆದೇ ಇದೆ. ದಿಗಂತದಲ್ಲಿ ನಿಲ್ದಾಣ 2,300 ಕಿ.ಮೀ. ದೂರದಲ್ಲಿರುತ್ತದೆ, ನೆತ್ತಿಯ ಮೇಲಿರುವಾಗಿನದಕ್ಕಿಂತ ಸಂಕೇತ ಸುಮಾರು 15 ಡೆಸಿಬೆಲ್ ಕ್ಷೀಣ. ಅದರ ಮೇಲೆ ಮರವೂ ಅಡ್ಡವಾದರೆ ಮಾತು ಕೇಳದೆ ಬರೀ ಗೊರಗೊರ ಸದ್ದಷ್ಟೇ ಉಳಿಯುತ್ತದೆ.

ನಿಲ್ದಾಣ ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಬರುವಾಗ ಆವರ್ತನ ಡಾಪ್ಲರ್ ಪರಿಣಾಮದಿಂದ 10 ಕಿಲೋಹರ್ಟ್ಸ್‌ನಷ್ಟು ಹೆಚ್ಚಿ ಕಾಣುತ್ತದೆ. ಆದ್ದರಿಂದ 437.810ರಲ್ಲಿ ಕಾದು, ಬಳಿಕ ಹಂತಹಂತವಾಗಿ ಇಳಿಸುತ್ತ, ಮರೆಯಾಗುವ ಹೊತ್ತಿಗೆ 437.790ಕ್ಕೆ ಬನ್ನಿ. ನೆತ್ತಿಯ ಸಮೀಪ ಬದಲಾವಣೆ ಅತಿ ತೀವ್ರ. ಹತ್ತು ನಿಮಿಷದ ಹಾದಿಯಲ್ಲಿ ಕೈ ಚುರುಕಾಗಿರಬೇಕಾದ ಒಂದೆರಡು ನಿಮಿಷ ಅದೇ. ಮಾತು ಒಡೆದಂತಾದರೆ ಆಂಟೆನಾವನ್ನು ಅದರ ಅಕ್ಷದಲ್ಲೇ ಹೊರಳಿಸಿ ನೋಡಿ.

ಸಂಕೇತ ಮೊದಲು ಕೇಳಿದ ಹೊತ್ತನ್ನು ಪ್ರತಿ ಸಲವೂ ಬರೆದಿಡಿ. ತೆರೆದ ದಿಗಂತದಲ್ಲಿಯೂ ಅದು ತಂತ್ರಾಂಶ ಹೇಳಿದ ಹೊತ್ತಿಗಿಂತ ಮುಂಚೆಯೇ ಕೇಳತೊಡಗಿದರೆ, ರಿಸೀವರನ್ನು ದೂರುವ ಮೊದಲು ಟಿಎಲ್‌ಇ ಬದಲಿಸಿ.