ಒಂದೇ ಅಪಘಾತಕ್ಕೆ ಎರಡು ವಿಮೆ ಕೂಡುವುದು ಯಾರಿಗೆ?

ಮುಧೋಳ–ಜಮಖಂಡಿ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಮತ್ತು ಬೈಕ್ ಡಿಕ್ಕಿಯಾಗಿ ಬೈಕಿನ ಹಿಂಬದಿ ಸವಾರನು ಗಾಯಗೊಂಡರೆ, ಎಫ್‌ಐಆರ್ ಪ್ರತಿಯೊಂದಿಗೆ ಟ್ರ್ಯಾಕ್ಟರ್, ಟ್ರೇಲರ್ ಮತ್ತು ಬೈಕ್ ಈ ಮೂರರ ಪಾಲಿಸಿಗಳನ್ನೂ ಪಡೆದು ಬೇರೆ ಬೇರೆಯಾಗಿ ಓದಬೇಕು. ಟ್ರ್ಯಾಕ್ಟರ್ ಇಂಜಿನ್‌ಗೆ ವಿಮೆಯಿದ್ದು ಟ್ರೇಲರ್‌ಗೆ ಇಲ್ಲದಿರುವುದೂ ಉಂಟು.

ಚಾಲಕರಿಬ್ಬರದೂ ತಪ್ಪಿದ್ದು ಹಿಂಬದಿ ಸವಾರನದು ಏನೂ ಇಲ್ಲದಿದ್ದಲ್ಲಿ, ಆತನು ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದಲಾದರೂ ಕೇಳಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಒಂದೇ ನಷ್ಟಕ್ಕೆ ಎರಡು ಸಲ ಹಣ ದೊರೆಯದು. ಬೈಕಿಗಿರುವುದು ಬರೀ ಥರ್ಡ್ ಪಾರ್ಟಿ (ಹೊರಗಿನವರಿಗಾದ ಹಾನಿಯ) ಪಾಲಿಸಿಯಾಗಿದ್ದರೆ ಅದರ ಕಂಪನಿಯು ಹಿಂಬದಿ ಸವಾರನ ಹೊಣೆಯನ್ನು ನಿರಾಕರಿಸುತ್ತದೆ, ಸ್ವಂತ ವಾಹನದ ಹಾನಿಯನ್ನೂ ಒಳಗೊಂಡ ಪ್ಯಾಕೇಜ್ ಪಾಲಿಸಿಯಾಗಿದ್ದರೆ ಹೊರುತ್ತದೆ. ಆದ್ದರಿಂದ ಪಾಲಿಸಿಯ ಮೊದಲ ಪುಟದಲ್ಲಿರುವ ಪ್ರೀಮಿಯಂ ಕೋಷ್ಟಕವನ್ನು ಸಾಲುಸಾಲಾಗಿ ನೋಡುವುದು ಅಗತ್ಯ.

ಬೈಕ್ ಓಡಿಸುತ್ತಿದ್ದ ಮಾಲೀಕನು ತನ್ನ ಪಾಲಿಸಿಯಲ್ಲಿ ತಾನೇ ಥರ್ಡ್ ಪಾರ್ಟಿಯಾಗಲಾರನು. ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಆತನಿಗಿರುವುದು 15 ಲಕ್ಷ ರೂಪಾಯಿ ಮಿತಿಯ ವೈಯಕ್ತಿಕ ಅಪಘಾತ ವಿಮೆ, ಅದೂ ಆ ಪ್ರೀಮಿಯಂ ಕಟ್ಟಿದ್ದರೆ ಮಾತ್ರ.

ನಿಜವಾಗಿ ಕೂಡುವುದು ಜೀವ ವಿಮೆ: ಮೃತರು ಕಟ್ಟಿದ್ದ ಪಾಲಿಸಿಯ ಹಣವನ್ನು ಪರಿಹಾರದಲ್ಲಿ ಕಳೆಯುವಂತಿಲ್ಲ. ಮೆಡಿಕ್ಲೇಮ್ (ಆರೋಗ್ಯ ವಿಮೆ) ಭರಿಸಿದ ಆಸ್ಪತ್ರೆ ಬಿಲ್ಲನ್ನು ಪರಿಹಾರದಲ್ಲಿ ಮತ್ತೆ ಕೇಳಿದರೆ ಮಾತ್ರ ತಕರಾರು ಬರುತ್ತದೆ.

ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪರಿಹಾರ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು. ಗಾಯಾಳು ವಿಜಯಪುರದ ನಿವಾಸಿಯಾಗಿದ್ದರೆ ಅಲ್ಲಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಸಲ್ಲಿಸಿ, ಮೂರೂ ವಾಹನಗಳ ಮಾಲೀಕರನ್ನೂ ವಿಮಾ ಕಂಪನಿಗಳನ್ನೂ ಎದುರುದಾರರನ್ನಾಗಿ ಸೇರಿಸುವುದು ಲೇಸು.